ದೇವಸ್ಥಾನಕ್ಕೆ ಹೋಗಿಬರ್ತೀನಿ

ಮಂಗಳವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ ರಾಹುಕಾಲ. ಬೆಂಗಳೂರಿನ ಬನಶಂಕರಿ ಅಮ್ಮನ ಗುಡಿಯಲ್ಲಿ ಹೆಂಗಸರು ನಿಂಬೆಹಣ್ಣು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಹೊರಗು ತಿರುವಿ, ಎಣ್ಣೆ ಬತ್ತಿ ಹಾಕಿ ದೀಪ ಹಚ್ಚುತ್ತಾರೆ. 2021ರ ಜನವರಿಯಲ್ಲಿ ಮೆಟ್ರೊ ರೇಷ್ಮೆ ಸಂಸ್ಥೆಯವರೆಗೆ ಬಂದ ಮೇಲೆ ನಮ್ಮ ಅಂಜನಾಪುರದ ಕಡೆಯವರಿಗೂ ಅಲ್ಲಿಗೆ ಹೋಗಿಬರುವುದು ಸಲೀಸು. ಈ ಒಂದೂವರೆ ಗಂಟೆಗೆ ಮನೆಯಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ. ಗಂಡ ಫೋನು ಕಿತ್ತಿಟ್ಟಿರಬಹುದು, ತವರಿನ ದಾರಿ ಮುಚ್ಚಿಸಿರಬಹುದು, ಪಕ್ಕದ ಮನೆಯವಳೊಡನೆ ಮಾತಾಡಿದರೂ ಅನುಮಾನ ಪಡಬಹುದು. ‘ದೇವಸ್ಥಾನಕ್ಕೆ ಹೋಗಿಬರ್ತೀನಿ’ ಅಂದರೆ ಮಾತ್ರ ಬೇಡ ಅನ್ನಲು ಅವನೂ ಹಿಂಜರಿಯುತ್ತಾನೆ. ಭಾನುವಾರದ ಚರ್ಚಿಗೂ ಗುರುವಾರದ ದರ್ಗಾಕ್ಕೂ ಈ ಮಾತು ಸಲ್ಲುತ್ತದೆ.

ಹೊಡೆತ ತಿನ್ನುವ ಹೆಣ್ಣಿಗೆ ನೆರವಾಗುವುದು ಸರ್ಕಾರದ ಕೆಲಸ, ಅದರಲ್ಲಿ ಗುಡಿ, ಚರ್ಚು, ಮಸೀದಿಗಳಿಗೇನು ಕೆಲಸ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಗಂಡನ ಆ ಹಿಂಜರಿಕೆಯಲ್ಲೇ ಇದೆ. ಬೇರೆ ಯಾವ ಬಾಗಿಲಿಗೂ ಅವಳನ್ನು ಮನೆಯವರು ಹೀಗೆ ಬಿಟ್ಟುಕೊಡುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರ ಪೈಕಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದಲ್ಲೇ ಅತಿ ಹೆಚ್ಚು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಇಡೀ ದೇಶದಲ್ಲಿ ಹಿಂಸೆಗೆ ಒಳಗಾದವರ ಪೈಕಿ ಯಾರ ಬಳಿಯಾದರೂ ನೆರವು ಕೇಳಿದವರು ಶೇ 14 ಮಾತ್ರ. 181 ಸಹಾಯವಾಣಿ ಇದೆ, ಸಖಿ ಕೇಂದ್ರಗಳಿವೆ, ನಮ್ಮ ರಾಜ್ಯದ್ದೇ ಆದ ಸಾಂತ್ವನ ಕೇಂದ್ರಗಳಿವೆ. ಇವೆಲ್ಲ ಬೇಕು. ಆದರೆ ಹೆಚ್ಚಿನವರು ಅಲ್ಲಿಯವರೆಗೆ ತಲುಪುವುದೇ ಇಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಯಾವುದಾದರೊಂದು ಕಾರಣಕ್ಕೆ ಗಂಡ ಹೊಡೆಯುವುದು ಸರಿ ಎಂದ ಕರ್ನಾಟಕದ ಹೆಂಗಸರು ಶೇ 76.9. ಇದನ್ನು ಅವರಿಗೆ ಕಲಿಸಿದವರು ಯಾರು? ಹರಿಕಥೆ, ಪ್ರವಚನ, ಉಪದೇಶಗಳಿಗೆ ಇದರಲ್ಲಿ ಪಾಲೇ ಇಲ್ಲ ಎಂದು ನಾನು ಹೇಳಲಾರೆ. ದೇವರ ಹೆಸರಿನಲ್ಲೇ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿ ದೇವದಾಸಿಯರಾಗಿ ಬಿಡುತ್ತಿದ್ದ ನಾಡು ಇದು. ಅದನ್ನು ತಡೆಯಲು 1982ರಲ್ಲಿ ಕಾನೂನನ್ನೇ ತರಬೇಕಾಯಿತು. ನಮ್ಮಲ್ಲಷ್ಟೇ ಅಲ್ಲ, ಐರ್ಲೆಂಡಿನಲ್ಲಿ ಸನ್ಯಾಸಿನಿಯರು ಆಶ್ರಯದ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಕೂಡಿಹಾಕಿ ಕೂಲಿಯಿಲ್ಲದೆ ಬಟ್ಟೆ ಒಗೆಸಿದರು. ಅಂಥ ಕೊನೆಯ ಮನೆ ಮುಚ್ಚಿದ್ದು 1996ರಲ್ಲಿ, ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2013ರಲ್ಲಿ. ಹಾಗಾಗಿ ನಂಬಿಕೆಯವರು ನೆರವಿಗೆ ಬಂದರೆ ಸಾಲದು. ಬಂದವರು ಅವಳಿಗೆ ಏನು ಹೇಳುತ್ತಾರೆ ಎಂಬುದನ್ನು ನೋಡಬೇಕು.

ಬಹುಪಾಲು ಹೇಳುವುದು ‘ಹೊಂದಿಕೊಂಡು ಹೋಗಮ್ಮ’ ಎಂದೇ. ಹೇಳುವವರು ಕೆಟ್ಟವರಲ್ಲ. ಪಂಚಾಯಿತಿ ಮಾಡಿ ಅಭ್ಯಾಸವಾದವರು. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಸೋಮವಾರ ಸೋಮವಾರ ಜನ ತಮ್ಮ ವ್ಯಾಜ್ಯ ತಂದು ನಿಲ್ಲುತ್ತಾರೆ. ಗುರುವಿನ ಮಾತಿಗೆ ಇರುವ ತೂಕ ಅಂಥದ್ದು. ಅಂಥ ಕಡೆ ಎಷ್ಟೋ ಸಲ ಕೋರ್ಟಿಗಿಂತ ಬೇಗ ಜಮೀನಿನ ತಗಾದೆ ತೀರುತ್ತದೆ. ಆದರೆ ಬದುವಿನ ಜಗಳದ ಅಣ್ಣತಮ್ಮಂದಿರ ಹಾಗಲ್ಲ ಹೊಡೆದವನು ಮತ್ತು ಹೊಡೆಸಿಕೊಂಡವಳು. ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸಿದರೆ ಅವಳು ಅಲ್ಲಿ ಹೇಳಿದ್ದಕ್ಕೆ ರಾತ್ರಿ ಮನೆಯಲ್ಲಿ ಬೆಲೆ ತೆರುತ್ತಾಳೆ. ಅದಕ್ಕೇ ಮೊದಲ ಮಾತು ಅವಳೊಬ್ಬಳೊಡನೆ ಆಗಬೇಕು, ಮದುವೆ ಉಳಿಸುವ ಯೋಚನೆಗಿಂತ ಅವಳ ಜೀವದ ಯೋಚನೆ ಮುಂದಿರಬೇಕು ಎನ್ನುತ್ತೇನೆ.

ಗುಡಿ, ಚರ್ಚು, ಮಸೀದಿಗಳವರು ಹೀಗೆ ನೆರವಾಗಲು ಕಾನೂನಿನ ಅಡ್ಡಿಯಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 4ನೇ ಕಲಮಿನ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಬಹುದು. ಅರ್ಚಕರು, ಪಾದ್ರಿಗಳು, ಮೌಲ್ವಿಗಳು, ಯಾರಾದರೂ. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. 10ನೇ ಕಲಮಿನಡಿ ನೋಂದಾಯಿತ ಸಂಘಗಳು ಸೇವಾ ಸಂಸ್ಥೆಗಳಾಗಿ ಹೆಸರು ಬರೆಸಿಕೊಂಡು ಘಟನೆಯ ವರದಿ ಬರೆಯಬಹುದು, ವೈದ್ಯಕೀಯ ಪರೀಕ್ಷೆ ಮಾಡಿಸಬಹುದು, ಆಶ್ರಯಮನೆಗೆ ಸೇರಿಸಬಹುದು. ಅನ್ನದಾನಕ್ಕೆ ಛತ್ರ ಕಟ್ಟಿಸುವ ಟ್ರಸ್ಟಿಗೆ ಒಂದು ಕೋಣೆ, ಒಬ್ಬ ತರಬೇತಾದ ಆಪ್ತಸಮಾಲೋಚಕಿ ಭಾರವಾಗಬಾರದು.

ನಮ್ಮ ಬಡಾವಣೆಯ ಗುಡಿಯೊಂದರಲ್ಲಿ 181ರ ಚೀಟಿ ಅಂಟಿಸಬಹುದೇ ಎಂದು ಕೇಳಿದ್ದೆ. ಸೇವೆಗಳ ದರಪಟ್ಟಿಯ ಪಕ್ಕ ಹಾಕೋಣ ಎಂದರು ಅರ್ಚಕರು. ಹೂ ಕಟ್ಟುತ್ತ ಕೂತಿದ್ದ ಅವರ ಹೆಂಡತಿ ತಲೆಯೆತ್ತಿ, ‘ಅಲ್ಲಿ ಬೇಡ ರೀ. ಗಂಡಸರೆಲ್ಲ ಅಲ್ಲೇ ನಿಂತಿರ್ತಾರೆ, ಯಾರು ಓದ್ತಾರೆ ಅಂತ ನೋಡ್ತಾರೆ. ಗರ್ಭಗುಡಿ ಹಿಂದ್ಗಡೆ ಗೋಡೆಗೆ ಹಾಕಿ. ಪ್ರದಕ್ಷಿಣೆ ಬರೋವಾಗ ಅವಳೊಬ್ಬಳೇ ಇರ್ತಾಳೆ’ ಎಂದರು.