‘ಅಡಕಿತ್ತಾ’ದೊಳಗಿನ ಅಡಕೆ

ಸೋಲಾಪುರದ ಪೇಟೆಯಲ್ಲಿ ಮರಾಠಿ ಗಿರಾಕಿಯೊಬ್ಬನು ‘ಅಡಕಿತ್ತಾ’ ಬೇಕೆಂದರೆ, ಅಂಗಡಿಯವನು ಅಡಕೆ ಕತ್ತರಿಸುವ ಸಾಧನವನ್ನು ತೆಗೆದು ಕೊಡುತ್ತಾನೆ. ಅದನ್ನೇ ಅಕ್ಕಲಕೋಟೆಯ ಕನ್ನಡ ಮನೆಯ ಅಜ್ಜಿ ‘ಅಡಕೊತ್ತು’ ಎನ್ನುತ್ತಾಳೆ. ಇವೆರಡರಲ್ಲಿ ಯಾವುದು ಸರಿ ಎಂಬ ಸಂದೇಹ ಮಕ್ಕಳಿಗೆ ಬರುವುದು ಸಹಜ. ಪೇಟೆಯ ಮಾತೇ ಶುದ್ಧ, ಮನೆಯದು ಅಪಭ್ರಂಶವೆಂದು ಅಂಜಿ ಅಜ್ಜಿಯ ಮಾತನ್ನು ನುಂಗಿಕೊಳ್ಳುವ ಮಕ್ಕಳೂ ಉಂಟು.

ಪದವನ್ನು ಬಿಡಿಸಿ ನೋಡಿದರೆ ಸಂದೇಹ ನಿವಾರಣೆಯಾಗುತ್ತದೆ. ಮನೆಯಲ್ಲಿ ‘ಅಡಕಿ’ ಎನ್ನುವುದೇ ಗ್ರಂಥದ ‘ಅಡಕೆ’. ಅದಕ್ಕೆ ‘ಒತ್ತು’ ಸೇರಿ ‘ಅಡಕೊತ್ತು’ ಆಯಿತು. ಅಡಕೆಯನ್ನು ಒತ್ತಿ ಸೀಳುವಂಥದ್ದು ಎಂದರ್ಥ. ಮರಾಠಿಯಲ್ಲಾದರೋ ಅಡಕೆಗೆ ‘ಸುಪಾರಿ’ ಎನ್ನುತ್ತಾರೆ. ಸಂಸ್ಕೃತದ ‘ಪೂಗಫಲ’ದಿಂದ ಬಂದ ‘ಪೋಫಳ’ ಎಂಬ ಹೆಸರೂ ಇದೆ. ಈ ಎರಡರಿಂದಲೂ ‘ಅಡಕಿತ್ತಾ’ ಹುಟ್ಟಲಾರದು. ಅದು ಕನ್ನಡದ ‘ಅಡಕೊತ್ತು’ವಿನಿಂದ ಮರಾಠಿಗೆ ಸಂದ ಪದ. ಕಾಯಿಯ ಹೆಸರು ಬೇರೆಯಾದರೂ ಸಾಧನದ ಹೆಸರಿನೊಳಗೆ ಕನ್ನಡದ ಅಡಕೆ ಹಾಗೆಯೇ ಉಳಿದಿದೆ.

ಸೋಲಾಪುರದ ನೇಕಾರರ ಓಣಿಗಳಲ್ಲಿ ಕೇಳಿಬರುವ ತೆಲುಗಿನಲ್ಲಿಯೂ ಇಂಥದೇ ಸೋಜಿಗ. ಅಲ್ಲಿ ಅಡಕೆಗೆ ‘ವಕ್ಕ’ ಅಥವಾ ‘ಪೋಕ’ ಎಂದು ಹೆಸರು. ಕತ್ತರಿಸುವ ಸಾಧನ ಮಾತ್ರ ‘ಅಡಕತ್ತೆರ’. ಅದು ಕನ್ನಡದ ‘ಅಡಕತ್ತರಿ’ಯ ಒಡಹುಟ್ಟು. ಇಕ್ಕಟ್ಟಿನಲ್ಲಿ ಸಿಲುಕಿದವನನ್ನು ತೆಲುಗರು ಅಡಕತ್ತೆರದೊಳಗಿನ ಪೋಕಚೆಕ್ಕ, ಎಂದರೆ ಅಡಕೆಹೋಳು, ಎನ್ನುತ್ತಾರೆ.

ಈ ಬಳಗ ಇನ್ನೂ ದೊಡ್ಡದು. ತಮಿಳಿನ ‘ಅಡೈಕ್ಕಾಯ್’, ಮಲಯಾಳದ ‘ಅಡಯ್ಕ’ಗಳು ನಮ್ಮ ಅಡಕೆಯ ದಾಯಾದಿಗಳು. ಮಲಯಾಳದ ಪದವನ್ನು ಪೋರ್ತುಗೀಸರು ‘ಅರೇಕಾ’ ಎಂದು ಉಚ್ಚರಿಸಿ ಯುರೋಪಿಗೆ ಒಯ್ದರು. 1753ರಲ್ಲಿ ಲಿನೇಯಸನು ಈ ಮರಕ್ಕೆ ‘ಅರೇಕಾ ಕಟೇಚು’ ಎಂಬ ಶಾಸ್ತ್ರೀಯ ನಾಮವನ್ನಿಟ್ಟನು. ಸಸ್ಯಶಾಸ್ತ್ರದ ಗ್ರಂಥದಲ್ಲಿ ಅಚ್ಚಾದ ಹೆಸರಿಗೂ ಅಜ್ಜಿಯ ಚಂಚಿಯಲ್ಲಿರುವ ಅಡಕೆಗೂ ಹೀಗೆ ನಂಟಿದೆ.

ಇದರಿಂದ ಕನ್ನಡ ಮೇಲು, ಮರಾಠಿ ಕೀಳು ಎಂದಾಗುವುದಿಲ್ಲ. ಗಡಿನಾಡಿನಲ್ಲಿ ಪದಗಳು ನೆರೆಮನೆಯ ಕಡದಂತೆ ಬಂದುಹೋಗುತ್ತವೆ. ಕನ್ನಡವೂ ಮರಾಠಿಯಿಂದ ಬೇಕಾದಷ್ಟನ್ನು ಪಡೆದಿದೆ. ಆದರೆ ಕೊಟ್ಟ ಮನೆಯವರೇ ತಮ್ಮ ವಸ್ತುವಿನ ಗುರುತನ್ನು ಮರೆಯಬಾರದು. ಪೊಟ್ಟಣದ ಅಡಕೆ ಬಂದ ಮೇಲೆ ಅಡಕೊತ್ತು ಮೂಲೆ ಸೇರುತ್ತಿದೆ. ಅದರೊಡನೆ ಹೆಸರೂ ಮೂಲೆ ಸೇರುವ ಭಯವಿದೆ. ಮನೆಯಲ್ಲಿ ಹಳೆಯ ಅಡಕೊತ್ತು ಇದ್ದರೆ ಹಿರಿಯರು ಅದನ್ನು ಮಕ್ಕಳ ಕೈಗೆ ಕೊಡಲಿ. ಮಕ್ಕಳು ಅದನ್ನು ಎರಡೂ ಹೆಸರುಗಳಿಂದ ಕರೆಯಲಿ, ಅಳುಕಿಲ್ಲದೆ.