ಮೀನಿನ ಒಳಗಿನ ಲೆಕ್ಕವೂ ಕಾಮರ್ಸ್ ವಿದ್ಯಾರ್ಥಿಯೂ

ಪಿಯುಸಿಗೆ ಸೇರುವಾಗ ಅರ್ಜಿಯಲ್ಲಿ ಒಂದು ಚೌಕಕ್ಕೆ ಗುರುತು ಹಾಕುತ್ತೇವೆ: ವಿಜ್ಞಾನ, ವಾಣಿಜ್ಯ ಅಥವಾ ಕಲೆ. ಆಗ ನಮಗೆ ಹದಿನಾರು ವರ್ಷ. ಹತ್ತನೇ ತರಗತಿಯವರೆಗೆ ಜೀವಕೋಶ, ಅನುವಂಶೀಯತೆ ಎಲ್ಲವನ್ನೂ ಓದಿ ಪರೀಕ್ಷೆ ಬರೆದವರಿಗೆ ಆ ದಿನದಿಂದ ಜೀವಶಾಸ್ತ್ರ ಪರರ ಮನೆಯ ವಿಷಯವಾಗಿಬಿಡುತ್ತದೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಉದಾಹರಣೆಯಾಗಿ ಮೀನನ್ನು ಆರಿಸಿಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಅದು ಮಛ್ಲಿ, ಸಂತೆಯಲ್ಲಿ ಮೀನು. ಹೆಸರು ಯಾವುದಾದರೂ ಅದರ ಒಳಗೆ ನಡೆಯುವ ಲೆಕ್ಕ ಒಂದೇ.

2024ರ ಅಕ್ಟೋಬರ್ 7ರಂದು ವೈದ್ಯಕೀಯ ವಿಭಾಗದ ನೊಬೆಲ್ ಪ್ರಶಸ್ತಿಯನ್ನು ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ ಘೋಷಿಸಿದರು. ಅವರು ಕಂಡುಹಿಡಿದದ್ದು ಮೈಕ್ರೋ ಆರ್‌ಎನ್‌ಎ. ಡಿಎನ್‌ಎ ಅಂದರೆ ತಿಜೋರಿಯಲ್ಲಿಟ್ಟ ಮೂಲ ರಿಜಿಸ್ಟರ್ ಎಂದುಕೊಳ್ಳಿ. ಅದರಿಂದ ಬೇಕಾದ ಪುಟವನ್ನಷ್ಟೇ ನಕಲು ಮಾಡಿ ಜೀವಕೋಶ ಒಂದು ಚೀಟಿ ಕಳಿಸುತ್ತದೆ. ಆ ಚೀಟಿ ನೋಡಿ ಪ್ರೋಟೀನ್ ತಯಾರಾಗುತ್ತದೆ. ಮೈಕ್ರೋ ಆರ್‌ಎನ್‌ಎ ಎಂಬುದು ಸುಮಾರು 22 ಅಕ್ಷರಗಳ ಸಣ್ಣ ತುಂಡು. ಅದು ಹೋಗಿ ಚೀಟಿಗೆ ಅಂಟಿಕೊಂಡು, 'ಈ ಮಾಲು ಸಾಕು, ಇನ್ನು ಬೇಡ' ಎಂದು ತಡೆಯುತ್ತದೆ. ಕೆಲವೊಮ್ಮೆ ಚೀಟಿಯೇ ನಾಶವಾಗುತ್ತದೆ.

ಮೊದಲನೆಯ ಮೈಕ್ರೋ ಆರ್‌ಎನ್‌ಎ 'ಲಿನ್-4' ಸಿಕ್ಕಿದ್ದು 1993ರಲ್ಲಿ, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಹುಳುವಿನ ವಿಷಯ ತಾನೇ ಎಂದು ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಏಳು ವರ್ಷಗಳ ನಂತರ, 2000ದಲ್ಲಿ 'ಲೆಟ್-7' ಎಂಬ ಇನ್ನೊಂದು ತುಂಡು ಹುಳುವಿನಲ್ಲಷ್ಟೇ ಅಲ್ಲ, ಮನುಷ್ಯನಲ್ಲಿ ಮತ್ತು ಜೀಬ್ರಾ ಮೀನಿನಲ್ಲಿ ಕೂಡ ಇದೆ ಎಂದು ಗೊತ್ತಾಯಿತು. ಆಗ ಎಲ್ಲರೂ ತಿರುಗಿ ನೋಡಿದರು.

ಜೀಬ್ರಾ ಮೀನು ನಮ್ಮ ದೇಶದ್ದೇ. ಫ್ರಾನ್ಸಿಸ್ ಹ್ಯಾಮಿಲ್ಟನ್ ಎಂಬ ಅಧಿಕಾರಿ 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಪುಸ್ತಕ ಬರೆದಾಗ ಇದರ ಹೆಸರನ್ನೂ, ನಾವು ತಿನ್ನುವ ರೋಹು, ಕಾಟ್ಲಾ ಮೀನುಗಳ ಹೆಸರನ್ನೂ ವಿಜ್ಞಾನದ ಪಟ್ಟಿಗೆ ಸೇರಿಸಿದರು. ಇಂದು ಜೀಬ್ರಾ ಮೀನು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇದೆ. ಅದರ ಮೊಟ್ಟೆಯಲ್ಲಿ ಮೊದಲ ಕೆಲವು ಗಂಟೆ ತಾಯಿ ಬರೆದಿಟ್ಟ ಚೀಟಿಗಳ ಮೇಲೆಯೇ ಕೆಲಸ ಸಾಗುತ್ತದೆ. ಆಮೇಲೆ ಮರಿಯ ಸ್ವಂತ ಜೀನ್‌ಗಳು ಶುರುವಾಗುತ್ತವೆ. ಆಗ 'ಮಿರ್-430' ಎಂಬ ತುಂಡು ತಾಯಿಯ ನೂರಾರು ಹಳೆಯ ಚೀಟಿಗಳನ್ನು ತೆಗೆದುಹಾಕುತ್ತದೆ. ಹಳೆಯ ವರ್ಷದ ಖಾತೆ ಮುಗಿಸಿ ಹೊಸ ಖಾತೆ ತೆರೆದ ಹಾಗೆ.

ಇವನ್ನು ಮೀನಿನಲ್ಲಿ ಗುರುತಿಸುವುದು ಹೇಗೆ? ನನ್ನ ವಾದ ನಿಂತಿರುವುದು ಇಲ್ಲಿಯೇ. ಮೊದಲು ಮೀನಿನ ಸ್ನಾಯು ಅಥವಾ ಯಕೃತ್ತಿನಿಂದ ಆರ್‌ಎನ್‌ಎ ತೆಗೆದು, ಸಣ್ಣ ತುಂಡುಗಳನ್ನು ಬೇರ್ಪಡಿಸಿ, ಯಂತ್ರದಲ್ಲಿ ಓದಿಸುತ್ತಾರೆ. ಇದು ಲ್ಯಾಬಿನ ಕೆಲಸ, ದುಬಾರಿ ಕೆಲಸ. ಯಂತ್ರದಿಂದ ಲಕ್ಷಗಟ್ಟಲೆ ಸಾಲುಗಳು ಹೊರಬರುತ್ತವೆ. ಅಲ್ಲಿಂದ ಮುಂದಿನದ್ದು ಕಂಪ್ಯೂಟರಿನ ಕೆಲಸ. ಬೇರೆ ಆರ್‌ಎನ್‌ಎಗಳು ಮುರಿದು ಬಿದ್ದ ಚೂರುಗಳನ್ನು ತೆಗೆದುಹಾಕಬೇಕು. ಉಳಿದವು ಮೀನಿನ ಡಿಎನ್‌ಎಯಲ್ಲಿ ಎಲ್ಲಿ ಹೊಂದುತ್ತವೆ ನೋಡಬೇಕು. ಆ ಜಾಗದ ಅಕ್ಷರಗಳು ತಲೆಗೆ ಹಾಕುವ ಪಿನ್ನಿನಂತೆ ಮಡಚಿಕೊಳ್ಳುತ್ತವೆಯೇ ಎಂದು ಪರೀಕ್ಷಿಸಬೇಕು, ಏಕೆಂದರೆ ಮೈಕ್ರೋ ಆರ್‌ಎನ್‌ಎ ಹುಟ್ಟುವುದೇ ಅಂಥ ಮಡಿಕೆಯಿಂದ. ಕೊನೆಗೆ ಈಗಾಗಲೇ ಗೊತ್ತಿರುವವುಗಳ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಪಟ್ಟಿಯಲ್ಲಿ ಇದ್ದರೆ ಹಳೆಯದು. ಇಲ್ಲದಿದ್ದರೂ ಎಲ್ಲ ಲಕ್ಷಣ ಹೊಂದಿದರೆ ಹೊಸದಿರಬಹುದು.

ಅಕೌಂಟೆನ್ಸಿ ಓದುವ ಸ್ನೇಹಿತರೇ, ಇದನ್ನು ಎಲ್ಲೋ ನೋಡಿದ ಹಾಗಿಲ್ಲವೇ? ಕ್ಯಾಷ್ ಬುಕ್ಕನ್ನೂ ಬ್ಯಾಂಕಿನ ಪಾಸ್ ಬುಕ್ಕನ್ನೂ ಎದುರುಬದುರು ಇಟ್ಟು, ಯಾವ ಸಾಲು ಎರಡರಲ್ಲೂ ಇದೆ, ಯಾವುದು ಒಂದರಲ್ಲಿ ಮಾತ್ರ ಇದೆ, ಏಕೆ ಎಂದು ಹುಡುಕುವ ಕೆಲಸವನ್ನೇ ನಾವು ಮಾಡುತ್ತೇವೆ. ಮನಸ್ಸಿಗೆ ಬೇಕಾದದ್ದು ಅದೇ ತಾಳ್ಮೆ, ಅದೇ ಅನುಮಾನ. ಸಂಖ್ಯಾಶಾಸ್ತ್ರ ತೆಗೆದುಕೊಂಡವರಿಗಂತೂ ಅರ್ಧ ದಾರಿ ಗೊತ್ತು.

ಇನ್ನೂ ಒಂದು ಮಾತು. ಆ ಪಟ್ಟಿಯ ಹೆಸರು ಮಿರ್‌ಬೇಸ್. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಇದನ್ನು ನೋಡಿಕೊಳ್ಳುತ್ತಾರೆ. 2018ರ ಆವೃತ್ತಿಯಲ್ಲಿ 271 ಜೀವಿಗಳ 38,589 ದಾಖಲೆಗಳಿದ್ದವು. ಜೀಬ್ರಾ ಮೀನು, ಸಾಮಾನ್ಯ ಗೆಂಡೆ, ನಮ್ಮಲ್ಲಿ ಜಿಲೇಬಿ ಎಂದು ಕರೆಯುವ ತಿಲಾಪಿಯಾ ಅದರಲ್ಲಿವೆ. ನೋಡಲು ಒಂದು ರೂಪಾಯಿ ಕೊಡಬೇಕಿಲ್ಲ. ವಿಜ್ಞಾನಿಗಳು ಓದಿಸಿದ ಸಾಲುಗಳೂ ಸಾರ್ವಜನಿಕ ಭಂಡಾರಗಳಲ್ಲಿ ಉಚಿತ. ಲೆಕ್ಕ ಮಾಡುವ 'ಮಿರ್‌ಡೀಪ್' ತಂತ್ರಾಂಶವೂ ಉಚಿತ. ಅಂದರೆ ಲ್ಯಾಬಿನ ಬಾಗಿಲು ನಮಗೆ ಮುಚ್ಚಿದ್ದರೂ ಕಪಾಟಿನ ಬಾಗಿಲು ತೆರೆದೇ ಇದೆ.

'ಕಾಮರ್ಸ್‌ನವರಿಗೆ ಇದೆಲ್ಲ ಯಾಕೆ? ಪರೀಕ್ಷೆಗೆ ಬರುತ್ತದೆಯೇ?' ಎಂದು ಕೇಳಬಹುದು. ಬರುವುದಿಲ್ಲ. ಈ ಗೆರೆ ದಾಟಿದರೂ ನಾವು ಮುಂದೆ ಜೀವಶಾಸ್ತ್ರದ ಪದವಿಗೆ ಸೇರುವುದು ಸುಲಭವಲ್ಲ, ಅದೂ ಗೊತ್ತು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಳ್ಳಿಗಳಲ್ಲಿ ಎಷ್ಟು ಮಕ್ಕಳು ಇಷ್ಟಪಟ್ಟು ವಾಣಿಜ್ಯ ಆರಿಸುತ್ತಾರೆ, ಎಷ್ಟು ಮಕ್ಕಳು ಟ್ಯೂಷನ್ ಫೀಸು, ಎರಡು ಬಸ್ಸು, ಸಂಜೆ ತಡವಾಗುತ್ತದೆ ಎಂಬ ಮನೆಯವರ ಚಿಂತೆ, ಇವುಗಳಿಂದ ಆರಿಸುತ್ತಾರೆ? ನಮ್ಮ ತರಗತಿಯಲ್ಲೇ ಕೇಳಿ ನೋಡಿ. ಹೆಣ್ಣುಮಕ್ಕಳನ್ನು ಮೊದಲು ಕೇಳಿ. ಚೌಕ ಆರಿಸಿದ್ದು ಬಸ್ಸಿನ ವೇಳಾಪಟ್ಟಿಯಾದರೆ, ಕುತೂಹಲಕ್ಕೂ ಅದೇ ವೇಳಾಪಟ್ಟಿ ಹಾಕಬಾರದು.

ವ್ಯವಹಾರದ ದೃಷ್ಟಿಯಿಂದಲೂ ಇದು ಬೇಕು. ಹಡಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳಿಗೆ ತುಂಗಭದ್ರಾ ಹಿನ್ನೀರು ಮುಟ್ಟುತ್ತದೆ. ಮಾಲವಿ ಜಲಾಶಯ ಇದೆ, ಕೆರೆಗಳಿವೆ. ಮೀನುಗಾರಿಕೆಗೆ 2020ರಲ್ಲಿ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಶುರುವಾಯಿತು. ನಾಳೆ ಮೀನುಮರಿ ಮಾರುವವರು, ಕೊಳ್ಳುವವರು, ಸಾಲದ ಅರ್ಜಿ ನೋಡುವ ಬ್ಯಾಂಕಿನವರು ನಮ್ಮಂಥ ಬಿ.ಕಾಂ. ಮಕ್ಕಳೇ. ತಿಲಾಪಿಯಾದಲ್ಲಿ 'ಮಿರ್-206' ಎಂಬ ತುಂಡನ್ನು ತಡೆದಾಗ ಮೀನು ಹೆಚ್ಚು ಬೆಳೆಯಿತು ಎಂದು 2013ರಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಅದು ಪ್ರಯೋಗಾಲಯದ ಫಲಿತಾಂಶ, ಮಾರುಕಟ್ಟೆಯ ಮರಿಯಲ್ಲ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆ ತಲೆಮಾರುಗಳ ಆಯ್ಕೆಯಿಂದ ಬೆಳೆಸಿದ 'ಜಯಂತಿ ರೋಹು' ಬೇರೆ ಮಾತು. ಅದು ರೈತರ ಕೊಳಕ್ಕೆ ಬಂದಿದೆ. ಇವೆರಡರ ವ್ಯತ್ಯಾಸ ತಿಳಿಯದಿದ್ದರೆ, ನಾಳೆ ಯಾರಾದರೂ 'ಜೀನ್ ಟೆಸ್ಟ್ ಮಾಡಿದ ಮರಿ' ಎಂದು ದುಪ್ಪಟ್ಟು ಬೆಲೆ ಹೇಳಿದಾಗ ತಲೆಯಾಡಿಸುವವರು ನಾವೇ.

ಪಟ್ಟಿಗೆ ಸೇರುವುದು ಸಣ್ಣ ಮಾತಲ್ಲ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಕೆರೆ ಮೊದಲೂ ಇತ್ತು, ಹಕ್ಕಿಗಳು ಮೊದಲೂ ಬರುತ್ತಿದ್ದವು. ಪಟ್ಟಿಯಲ್ಲಿ ಬಂದ ಮೇಲೆ ಜಗತ್ತು ಅದರ ಹೆಸರು ಹೇಳಿತು. ಆ ಹಕ್ಕಿಗಳು ತಿನ್ನುವ ಸಣ್ಣ ಮೀನುಗಳಲ್ಲಿಯೂ ಈ 22 ಅಕ್ಷರಗಳ ತುಂಡುಗಳಿವೆ. ಅವನ್ನು ಎಣಿಸುವವರು ದೂರದ ಊರಿನವರೇ ಆಗಬೇಕೆಂದು ಎಲ್ಲಿಯೂ ಬರೆದಿಲ್ಲ.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ. ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ ಕಂಪ್ಯೂಟರ್ ಲ್ಯಾಬ್ ಎಲ್ಲ ವಿಭಾಗದವರಿಗೂ ತೆರೆದಿರಲಿ. ಕೊನೆಯ ಬಸ್ಸು ತಪ್ಪದಷ್ಟು ಸಮಯ ಸಾಕು. ಜೀವಶಾಸ್ತ್ರ ತಿಳಿದ ಒಬ್ಬರು, ಸಂಖ್ಯಾಶಾಸ್ತ್ರ ತಿಳಿದ ಒಬ್ಬರು ಜೊತೆಗಿರಲಿ. ಮೊದಲ ದಿನ ಮಿರ್‌ಬೇಸ್ ತೆರೆದು, ಲೆಟ್-7ರ ಅಕ್ಷರಗಳನ್ನು ಮನುಷ್ಯನಲ್ಲಿ ಮತ್ತು ಸಾಮಾನ್ಯ ಗೆಂಡೆಯಲ್ಲಿ ಅಕ್ಕಪಕ್ಕ ಇಟ್ಟು ನೋಡೋಣ. ಅಷ್ಟಕ್ಕೆ ಹೊಸ ಉಪಕರಣ ಬೇಡ, ಬಜೆಟ್ ಬೇಡ. ಸಹಪಾಠಿಗಳೇ, ಬರುವವರು ತಮ್ಮ ಹೆಸರನ್ನು ತರಗತಿ ಪ್ರತಿನಿಧಿಯ ಬಳಿ ಬರೆಸಿ. ಹೆಸರುಗಳು ಎಷ್ಟಿವೆ ಎಂದು ತೋರಿಸಿದರೆ ಕೇಳುವುದು ಸುಲಭವಾಗುತ್ತದೆ.