ಮಂಡಕ್ಕಿ ಹಂಚೋಣ, ಬಾಚಣಿಗೆ ಬೇಡ

ನಮ್ಮ ಲೇಡೀಸ್ ರೂಮಿನ ಕನ್ನಡಿ ಪಕ್ಕದ ಕಿಟಕಿಯಲ್ಲಿ ಯಾವಾಗಲೂ ಒಂದು ಬಾಚಣಿಗೆ ಇರುತ್ತದೆ. ಅದು ಯಾರದೆಂದು ಯಾರಿಗೂ ಗೊತ್ತಿಲ್ಲ. ಮೊದಲ ಪೀರಿಯಡ್‌ನ ಬೆಲ್ ಹೊಡೆಯುವಷ್ಟರಲ್ಲಿ ಹತ್ತು ತಲೆಗಳ ಮೇಲಾದರೂ ಅದು ಓಡಾಡಿರುತ್ತದೆ. ನಾನೂ ಅದರಲ್ಲಿ ಬಾಚಿಕೊಂಡವಳೇ. ಹಾಗಾಗಿ ಇದನ್ನು ನನಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಕಳೆದ ವರ್ಷ ಗೆಳತಿಯೊಬ್ಬಳ ತಲೆಯಲ್ಲಿ ಹೇನು ಕಂಡಿತು. ನೋಡಿದವರು ನಕ್ಕರು. ಮರುದಿನ ಅವಳ ಪಕ್ಕ ಯಾರೂ ಕೂರಲಿಲ್ಲ. ನಾಲ್ಕು ದಿನ ಅವಳು ಕಾಲೇಜಿಗೆ ಬರಲಿಲ್ಲ, ಒಂದು ಟೆಸ್ಟೂ ತಪ್ಪಿತು. ಬಾಚಣಿಗೆ ಮಾತ್ರ ಕಿಟಕಿಯಲ್ಲೇ ಇತ್ತು, ನಾವೆಲ್ಲ ಅದರಲ್ಲೇ ತಲೆ ಬಾಚುತ್ತಿದ್ದೆವು. ದೂರ ಇಡಬೇಕಾಗಿದ್ದ ವಸ್ತುವನ್ನು ಬಿಟ್ಟು ಹುಡುಗಿಯನ್ನು ದೂರ ಇಟ್ಟೆವು.

ಹೇನು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ಹೆಚ್ಚಾಗಿ ತಲೆಗೆ ತಲೆ ತಾಗಿದಾಗ ಹರಿದು ಬರುತ್ತದೆ, ಕೆಲವೊಮ್ಮೆ ಬಾಚಣಿಗೆ, ಸ್ಕಾರ್ಫ್, ಟೋಪಿಯ ಮೂಲಕವೂ ಬರುತ್ತದೆ. ದಿನಾ ತಲೆ ತೊಳೆಯುವವರಿಗೂ ಅದು ಹತ್ತುತ್ತದೆ, ಆದ್ದರಿಂದ ಅದನ್ನು ಕೊಳಕಿನ ಗುರುತು ಎಂದುಕೊಳ್ಳುವುದು ತಪ್ಪು. ಕಜ್ಜಿಯದು ಇನ್ನೂ ಮೋಸದ ಕೆಲಸ. ಮೊದಲ ಸಲ ಹತ್ತಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕಾಗಬಹುದು. ಅಷ್ಟರಲ್ಲಿ ತನಗೇ ಗೊತ್ತಿಲ್ಲದೆ ಇನ್ನೊಬ್ಬರಿಗೆ ದಾಟಿಸಿರುತ್ತಾರೆ. "ನೋಡೋಕೆ ಚೆನ್ನಾಗೇ ಇದ್ದಾಳಲ್ಲ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಾವು ಹತ್ತನೇ ತರಗತಿಯಲ್ಲಿದ್ದಾಗ, 2023ರ ಮಳೆಗಾಲದಲ್ಲಿ, ರಾಜ್ಯದ ತುಂಬ ಮದ್ರಾಸ್ ಐ ಹರಡಿದ್ದು ನಿಮಗೆ ನೆನಪಿರಬಹುದು. ಕಣ್ಣು ಉಜ್ಜಿದ ಕೈ, ಮುಖ ಒರೆಸಿದ ಟವೆಲ್, ಇವೇ ಅದರ ದಾರಿ. ಆದರೂ ಹಬ್ಬದ ಬೆಳಿಗ್ಗೆ ನಮ್ಮ ಮನೆಗಳಲ್ಲಿ ಒಂದೇ ಸುರ್ಮಾದಾನಿಯ ಒಂದೇ ಸಲಾಯಿ ಅಜ್ಜನಿಂದ ಮೊಮ್ಮಕ್ಕಳವರೆಗೆ ಎಲ್ಲರ ಕಣ್ಣಿಗೂ ಹೋಗುತ್ತದೆ. ಕಾಲೇಜಿನ ಫಂಕ್ಷನ್ ದಿನ ಒಂದೇ ಕಾಜಲ್ ಪೆನ್ಸಿಲ್ ಇಡೀ ಸೆಕ್ಷನ್ ಸುತ್ತುತ್ತದೆ. ವುಝೂ ಮಾಡುವ ಜಾಗದಲ್ಲಿ ಮೊಳೆಗೆ ತೂಗುಹಾಕಿದ ಟವೆಲ್ ಇರುತ್ತದಲ್ಲ, ಅದರ ವಿಷಯವೂ ಅಷ್ಟೇ. ಮುಖ ಶುದ್ಧವಾಗಿ ತೊಳೆದು, ಹತ್ತು ಜನ ಒರೆಸಿಟ್ಟ ಒದ್ದೆ ಬಟ್ಟೆಗೆ ಮುಖ ಒತ್ತುವುದು ಯಾವ ಶುದ್ಧಿ?

ಹುಡುಗರಿಗೂ ಒಂದು ಮಾತು. ಹಾಸ್ಟೆಲ್ ಮತ್ತು ರೂಮುಗಳಲ್ಲಿ ಒಂದೇ ರೇಜರ್, ಒಂದೇ ಟ್ರಿಮ್ಮರ್ ಮೂರ್ನಾಲ್ಕು ಜನರ ಗಡ್ಡಕ್ಕೆ ಹೋಗುತ್ತದೆ ಎಂದು ನೀವೇ ಹೇಳಿದ್ದೀರಿ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಬ್ಲೇಡಿಗೆ ಅಂಟಿದ್ದರೂ ಸಾಕು. ಅದು ಲಿವರ್‌ಗೆ ಬರುವ ರೋಗ, ಹೇನಿನ ಹಾಗೆ ಶಾಂಪೂ ಹಚ್ಚಿದರೆ ಹೋಗುವಂಥದ್ದಲ್ಲ. ಸೆಲೂನಿನಲ್ಲಿ ಕೂತಾಗ "ಅಣ್ಣಾ, ಹೊಸ ಬ್ಲೇಡ್ ಹಾಕಿ" ಎನ್ನಲು ನಾಚಿಕೆ ಬೇಡ. ಇದಕ್ಕೆ ಲಸಿಕೆ ಇದೆ. ನಿಮಗೆ ಹಾಕಿಸಿದ್ದಾರೋ ಇಲ್ಲವೋ, ಮನೆಯಲ್ಲಿ ಅಮ್ಮಿಯನ್ನು ಕೇಳಿ ನೋಡಿ.

ಇಷ್ಟೆಲ್ಲ ಗೊತ್ತಿದ್ದೂ ನಾವು ಯಾಕೆ ಕೊಡುತ್ತೇವೆ? "ಇಲ್ಲ" ಎಂದರೆ ಜಂಬ ಅಂದುಕೊಳ್ಳುತ್ತಾರೆ ಎಂಬ ಭಯ. ಇನ್ನೂ ಒಂದು ಅಳುಕು ಇದೆ. ಮುಟ್ಟಬಾರದು, ಜೊತೆಗೆ ಉಣ್ಣಬಾರದು ಎಂದು ಮನುಷ್ಯರನ್ನೇ ದೂರ ಇಟ್ಟ ಊರುಗಳು ನಮ್ಮವು. ನಮ್ಮ "ಇಲ್ಲ" ಅದರಂತೆ ಕೇಳಿಸಬಾರದು ಎಂಬ ಸಂಕೋಚ ನಿಜವಾದದ್ದು. ಆದರೆ ಇವೆರಡೂ ಬೇರೆ. ಕೈ ತೊಳೆದು ಒಂದೇ ತಟ್ಟೆಯ ಮಂಡಕ್ಕಿಗೆ ನಾಲ್ವರು ಕೈ ಹಾಕೋಣ, ಒಂದು ಮಿರ್ಚಿಯನ್ನು ಮುರಿದು ತಿನ್ನೋಣ, ನೋಟ್ಸ್ ಕೊಡೋಣ, ಒಂದೇ ಬೆಂಚಿನಲ್ಲಿ ಕೂರೋಣ. ಬಾಚಣಿಗೆ, ಟವೆಲ್, ಕಾಜಲ್, ರೇಜರ್, ನೇಲ್ ಕಟರ್, ಕಿವಿಯೋಲೆ ಮಾತ್ರ ಅವರವರದೇ ಇರಲಿ. ಈ ನಿಯಮ ಆಪ್ತ ಗೆಳತಿಗೂ ಹೊಸಬಳಿಗೂ ಒಂದೇ ಆಗಿದ್ದರೆ ಯಾರಿಗೂ ಅವಮಾನವಾಗುವುದಿಲ್ಲ.

ಆಡಳಿತ ಮಂಡಳಿಯಲ್ಲಿ ಎರಡು ವಿನಂತಿ. ವುಝೂ ಜಾಗದ ಟವೆಲ್ ತೆಗೆದು, ಅಲ್ಲಿ ಸೋಪು ಇಡಿಸಿ. ಕರವಸ್ತ್ರ ನಾವೇ ತರುತ್ತೇವೆ. ವರ್ಷಕ್ಕೊಮ್ಮೆ ಚರ್ಮದ ವೈದ್ಯರೊಬ್ಬರನ್ನು ಕರೆಸಿ, ಹುಡುಗಿಯರಿಗೂ ಹುಡುಗರಿಗೂ ಬೇರೆ ಬೇರೆಯಾಗಿ ಪ್ರಶ್ನೆ ಕೇಳಲು ಅವಕಾಶ ಕೊಡಿ. ಹುಳುಕಡ್ಡಿ ಬಂದರೆ ನಾಚಿಕೊಂಡು ಮೆಡಿಕಲ್ ಶಾಪಿನಲ್ಲಿ ಸ್ಟೀರಾಯ್ಡ್ ಬೆರೆತ ಕ್ರೀಮ್ ತಂದು ಹಚ್ಚುವವರು ನಮ್ಮಲ್ಲಿ ಬಹಳ. ತುರಿಕೆ ನಿಂತಂತೆ ಕಂಡರೂ ಒಳಗೆ ರೋಗ ಹೆಚ್ಚುತ್ತದೆ. ಚಿಗಟೇರಿ ಜಿಲ್ಲಾ ಆಸ್ಪತ್ರೆ ನಮ್ಮ ಊರಿನಲ್ಲೇ ಇದೆ, ಅಲ್ಲಿ ತೋರಿಸಬಹುದು.

ಗೆಳತಿಯ ಕ್ಷಮೆಯನ್ನು ನಾನು ಕೇಳಿದ್ದೇನೆ. ಈಗ ಒಂದೇ ಬೆಂಚಿನಲ್ಲಿ ಕೂರುತ್ತೇವೆ, ಇಬ್ಬರ ಬ್ಯಾಗಿನಲ್ಲೂ ಅವರವರ ಬಾಚಣಿಗೆ ಇದೆ. ಕಿಟಕಿಯಲ್ಲಿರುವುದನ್ನು ನಾಳೆ ನಾನೇ ಕಸದ ಬುಟ್ಟಿಗೆ ಹಾಕುತ್ತೇನೆ. ಅದು ನಿಮ್ಮದಾಗಿದ್ದರೆ ಬೇಸರ ಮಾಡಿಕೊಳ್ಳಬೇಡಿ.

— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ